ಬೆಣೆಗೆ ಸುತ್ತಿದ ನೂಲು

ಗೇಟಿನವಳು ಹೇಳಿದ್ದು ಎರಡೇ ಮಾತು. ಕಲ್ಲುಗೋಡೆ ಇರುವ ಕಡೆ ಗಾಡಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾಗಿ ಬಂದರೆ ಗೋಡೆಯ ಸಂದಿಗಳಲ್ಲಿರುವ ಮರದ ಬೆಣೆಗಳನ್ನು ಮುಟ್ಟಬೇಡಿ. ಬಡಗಿ ಎರಡನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮರದ ವಿಷಯದಲ್ಲಿ ತನಗೆ ಬುದ್ಧಿ ಹೇಳಲು ಬಂದವರನ್ನು ಅವನು ಎಂದೂ ಸಹಿಸಿದವನಲ್ಲ.

ಬೆಟ್ಟದ ರಸ್ತೆ ಶುರುವಾಗುವ ಕಡೆ, ಅಡ್ಡಗಂಬದ ಪಕ್ಕದ ತಗಡಿನ ಕೋಣೆಯಲ್ಲಿ ಕೂತು ಗಾಡಿಗಳ ನಂಬರು ಬರೆದುಕೊಳ್ಳುವುದು ಅವಳ ಕೆಲಸ. ಹೊರಗೆ ಮೂರು ದಿನದ ಮಳೆ. ಒಳಗೆ ಸ್ಟೋವಿನ ಸೀಮೆಎಣ್ಣೆ ವಾಸನೆ, ಒದ್ದೆ ಕಂಬಳಿಯ ವಾಸನೆ. ಕೇಳದಿದ್ದರೂ ಅವಳು ಗೋಡೆಯ ಕತೆ ಹೇಳಿದಳು. ರಸ್ತೆ ಕಡಿಯುವಾಗ ಬೆಟ್ಟ ಕಟ್ಟಿದ್ದನ್ನೆಲ್ಲ ಕೆಡವಿ ಹಾಕುತ್ತಿತ್ತಂತೆ. ಗುತ್ತಿಗೆದಾರ ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಕರೆಸಿದ. ಮರುವಾರ ಕೆಲಸದ ಜಾಗಕ್ಕೆ ಒಬ್ಬ ದರ್ಜಿ ಬಂದ. ಮಳೆಗಾಲಕ್ಕೆ ಎಲ್ಲರಿಗೂ ರೇನ್‌ಕೋಟು ಹೊಲಿಸಿಕೊಡುತ್ತೇವೆ ಎಂದು ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ದರ್ಜಿ ಟೇಪು ಹಿಡಿಯಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನೂಲು ಹಿಡಿದು, ಕುತ್ತಿಗೆಗೆ, ಎದೆಗೆ, ತೋಳಿಗೆ ಒಂದೊಂದು ಗಂಟು ಹಾಕಿಕೊಂಡು ಹೋದ. ಕೋಟು ಬರಲೇ ಇಲ್ಲ. ನೂಲುಗಳನ್ನು ಬೆಣೆಗಳಿಗೆ ಸುತ್ತಿ ಗೋಡೆಗೆ ಹೊಡೆದರು. ಒಂದೊಂದು ಬೆಣೆ ಒಳಗೆ ಹೋದಂತೆ ಒಬ್ಬೊಬ್ಬರು, ಕೂತವರು ಕೂತಲ್ಲೇ, ಸತ್ತರು. ಬೆಟ್ಟ ನಿಂತಿತು.

"ನಮ್ಮಮ್ಮನೂ ಆ ಸಾಲಲ್ಲಿದ್ಲು," ಎಂದು ಅವಳು ಕೊನೆಗೆ ಸೇರಿಸಿದಳು.

ಸತ್ತವರ ಮಾತು ಬಂದಾಗ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ಬಡಗಿಗೆ ಇರಬೇಕಿತ್ತು. ಇರಲಿಲ್ಲ. "ನಮ್ಮಕ್ಕ ಮೂವತ್ತೈದು ವರ್ಷದಿಂದ ನೂಲು ಸುತ್ತುತಾ ಇದ್ದಾಳೆ," ಎಂದ. "ಇವತ್ತಿನವರೆಗೂ ಒಂದು ದಿಬ್ಬಾನೂ ನಿಂತಿಲ್ಲ."

ಪಕ್ಕದಲ್ಲಿ ನಿಂತಿದ್ದ ಅಕ್ಕ ನಗಲಿಲ್ಲ. ಗೇಟಿನವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು, ತಮ್ಮನನ್ನು ಹೊರಗೆ ತಳ್ಳಿಕೊಂಡು ಬಂದಳು.

ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಹದಿನೆಂಟರ ಅಕ್ಕ ತಾಯಿಯ ಹೊಲಿಗೆ ಮಷೀನಿನ ಮುಂದೆ ಕೂತವಳು ಮತ್ತೆ ಏಳಲಿಲ್ಲ. ತಮ್ಮನನ್ನು ಓದಿಸಿದಳು, ಓದು ಹತ್ತದಿದ್ದಾಗ ಬಡಗಿ ಕೆಲಸಕ್ಕೆ ಹಚ್ಚಿದಳು. ತನಗೊಂದು ಮದುವೆಯಾಗಬೇಕಿತ್ತು ಎಂಬುದನ್ನು ಊರವರು ನೆನಪಿಸಿದಾಗಷ್ಟೇ ನೆನಪಿಸಿಕೊಂಡಳು. ಈಗ ಅವಳ ಕಣ್ಣು ಅಂಚಿನಿಂದ ಮಸುಕಾಗುತ್ತ ಬರುತ್ತಿತ್ತು. ಇನ್ನೊಂದು ವರ್ಷಕ್ಕೆ ನೆರಳು ಮಾತ್ರ ಕಂಡೀತು ಎಂದು ಡಾಕ್ಟರು ಹೇಳಿದ ದಿನ, ಅಷ್ಟರೊಳಗೆ ಒಂದು ಸಲ ದೊಡ್ಡ ಬೆಟ್ಟ ನೋಡಬೇಕು ಎಂದಿದ್ದಳು. ಬದುಕಿನಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ತಮ್ಮ ಸಾಮಾನು ಸಾಗಿಸುವ ಹಳೆಯ ವ್ಯಾನೊಂದನ್ನು ತಂದು, ನಾಲ್ಕು ತಿಂಗಳು ಕೂತು, ಒಳಗೆ ಮಂಚ, ಅಡುಗೆ ಕಟ್ಟೆ, ಕಪಾಟು ಎಲ್ಲ ಮಾಡಿದ. ಅವಳ ಸೂಜಿ ಡಬ್ಬಿಗೂ ಕತ್ತರಿಗೂ ಬೇರೆ ಗೂಡು ಮಾಡಿಕೊಟ್ಟ.

ಆದರೆ ಬೆಟ್ಟ ಕಾಣಬೇಕಲ್ಲ! ಕಿಟಕಿಯ ಆಚೆ ಬರೀ ಮಂಜು, ಈಚೆ ಬರೀ ನೀರು. "ಬೆಟ್ಟ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಮೂರು ದಿನದಿಂದ ವೈಪರ್ ತೋರಿಸ್ತಿದ್ದೀಯಲ್ಲೋ," ಎಂದು ಅಕ್ಕ ರೇಗಿಸುತ್ತಿದ್ದಳು. ಅವನಿಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಮಧ್ಯಾಹ್ನ ಗೋಡೆ ಬಂತು. ಬಲಕ್ಕೆ ಎರಡಾಳೆತ್ತರದ ಕಪ್ಪು ಕಲ್ಲಿನ ತಡೆಗೋಡೆ, ಎಡಕ್ಕೆ ಕಣಿವೆ. ಅದೇ ಹೊತ್ತಿಗೆ ಮಂಜು ಪರದೆ ಸರಿಸಿದಂತೆ ಬಿರಿಯಿತು. ಎದುರಿಗೆ ಮುಗಿಲಿಗೆ ತಾಗಿದ ಒಂದು ಶಿಖರ, ಕೆಳಗೆ ಹೆಂಚು ಹೊದೆಸಿದ ಮನೆಗಳ ಸಣ್ಣ ಊರು. ಅಕ್ಕ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. "ನಿಲ್ಸೋ," ಎಂದಳು. ಅವನು ನಿಲ್ಲಿಸಿದ. ಗಾಡಿಯನ್ನು ರಸ್ತೆಯ ಅಗಲ ಜಾಗಕ್ಕೆ ತರುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿತ್ತು. ಮತ್ತೆ ತೆರೆಯುತ್ತೆ, ಕಾಯೋಣ, ಅಷ್ಟರಲ್ಲಿ ಟೀ ಕುಡಿಯೋಣ ಎಂದ.

ಇಲ್ಲೇ ಅವನು ಮಾಡಬಾರದ್ದನ್ನು ಮಾಡಿದ್ದು. ಬೇರೆ ಯಾರಾದರೂ ಆಗಿದ್ದರೆ ಓರೆ ನಿಂತ ಗಾಡಿಯಲ್ಲೇ ಟೀ ಕುಡಿದು ಮುಗಿಸುತ್ತಿದ್ದರು. ಆದರೆ ಇವನು ಬಡಗಿ. ಅಡುಗೆ ಕಟ್ಟೆಯ ಮೇಲೆ ರಸಮಟ್ಟ ಇಟ್ಟು, ಗಾಜಿನ ಕೊಳವೆಯ ಗಾಳಿಗುಳ್ಳೆ ನಡುವಿಗೆ ಬರುವ ತನಕ ಚಕ್ರಗಳ ಕೆಳಗೆ ಮರದ ತುಂಡು ಕೊಡುತ್ತಿದ್ದ. ಮಟ್ಟವಿಲ್ಲದ ಜಾಗದಲ್ಲಿ ಅವನಿಗೆ ನೀರೂ ಇಳಿಯುತ್ತಿರಲಿಲ್ಲ. ಆ ದಿನ ಹಿಂದಿನ ಎಡ ಚಕ್ರ ನಾಲ್ಕು ಬೆರಳು ತಗ್ಗಿತ್ತು, ಅದರ ಕೆಳಗೆ ಕೊಡುವ ತುಂಡು ಹಿಂದಿನ ದಿನವೇ ಸೀಳಿಹೋಗಿತ್ತು. ಬಲಗಡೆ ನೋಡಿದರೆ ಗೋಡೆಯ ತುಂಬ ಒಳ್ಳೊಳ್ಳೆಯ ಬೆಣೆಗಳು.

"ಬೇಡ ಕಣೋ," ಎಂದಳು ಅಕ್ಕ ಒಳಗಿನಿಂದ.

"ಒಂದೇ ಒಂದು. ಹೋಗೋವಾಗ ವಾಪಸ್ ಹೊಡೀತೀನಿ," ಎಂದ.

ಸುತ್ತಿಗೆಯ ಕೊಕ್ಕೆ ತಾಕಿಸಿದ್ದೇ ತಡ, ಬೆಣೆ ಅಲ್ಲಾಡುವ ಹಲ್ಲು ಬಂದಂತೆ ಬಂತು. ಅಷ್ಟು ವರ್ಷ ಮಳೆಯಲ್ಲಿದ್ದ ಮರ ಒಳಗಡೆ ಒಣಗಿತ್ತು. ಅದರ ಸುತ್ತ ಮೇಣ ಹಚ್ಚಿದ ದಪ್ಪ ನೂಲು. ತೂತಿನಿಂದ ಗಾಳಿ ಬಂತು. ಹಳೆಯ ಸುಣ್ಣ, ಒದ್ದೆ ಗೋಣಿ, ಬೆವರು ಸೇರಿದ ವಾಸನೆ. ಗಾಳಿ ಬೆಚ್ಚಗಿತ್ತು. ಅವನು ಮುಖ ತಿರುಗಿಸಿ, ನೂಲನ್ನು ಬಿಚ್ಚಿ ಎಸೆದು, ಬೆಣೆಯನ್ನು ಚಕ್ರದ ಕೆಳಗೆ ಬಡಿದ. ಗುಳ್ಳೆ ನಡುವಿಗೆ ಬಂದು ನಿಂತಿತು. ಅವನಿಗೆ ಸಮಾಧಾನವಾಯಿತು.

ಎಸೆದ ನೂಲನ್ನು ಅಕ್ಕ ಹೋಗಿ ಎತ್ತಿಕೊಂಡು ಬಂದಳು. ದೀಪದ ಕೆಳಗೆ ಹಿಡಿದು, ಗಂಟಿನಿಂದ ಗಂಟಿಗೆ ಟೇಪು ಇಟ್ಟಳು. ಕಣ್ಣಿಗಿಂತ ಅವಳ ಬೆರಳು ಹೆಚ್ಚು ನೋಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು. "ಹೆಂಗಸಿಂದು. ಸಣ್ಣ ಮೈ. ಎಡಗೈ ಬಲಗೈಗಿಂತ ಒಂದು ಇಂಚು ಗಿಡ್ಡ. ಯಾವಾಗ್ಲೋ ಮುರಿದು ಸರಿಯಾಗಿ ಕೂಡ್ಕೊಂಡಿಲ್ಲ, ಪಾಪ."

ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದ. ಆಗ ಮುಂದಿನ ತಿರುವಿನಲ್ಲಿ ಬೆಟ್ಟ ಜಾರಿತು. ನೆಲ ನಡುಗಿತು. ಕಿವಿಯೊಳಗಿನ ಗುಂಯ್‌ಗುಟ್ಟು ಇಳಿಯುವ ಮೊದಲೇ ಹಿಂದಿನ ತಿರುವಿನಲ್ಲೂ ಕಲ್ಲುಗಳು ಉರುಳಿಬಿದ್ದವು. ರಸ್ತೆ ಎರಡೂ ಕಡೆ ಮುಚ್ಚಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬೆಳಿಗ್ಗೆ ರಸ್ತೆಯವರು ಬಂದು ತೆಗೀತಾರೆ ಬಿಡು ಎಂದು ಅವನು ಎರಡು ಸಲ ಹೇಳಿದ. ಮಷೀನು ತುಳಿದು ಸೋತ ಅಕ್ಕನ ಕಾಲಿಗೂ ಕಣ್ಣಿಗೂ ಆ ಕಲ್ಲುಗಳನ್ನು ದಾಟುವುದು ಆಗದ ಮಾತು.

ಸಂಜೆ ಬೆಳಕು ಬೂದಿಯ ಬಣ್ಣಕ್ಕೆ ಇಳಿದಿತ್ತು. ಮಳೆ ತಗಡಿನ ಮೇಲೆ ಬೀಳುತ್ತಲೇ ಇತ್ತು. ಆ ಸದ್ದಿನ ನಡುವೆ ಯಾರೋ ಬಾಗಿಲಿನ ಹೊರಗೆ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳುವವರ ಹಾಗೆ, ಸಂಕೋಚದಿಂದ ಕೇಳಿದರು.

"ಅಳತೆ ಕೊಟ್ಟಿದ್ದೆ. ಆಯ್ತಾ?"

ಬಡಗಿ ಲೋಟ ಕೆಳಗಿಟ್ಟು ಟಾರ್ಚಿಗೆ ಕೈ ಹಾಕಿದ. ಅಕ್ಕ ಮಾತ್ರ ಸೂಜಿಗೆ ನೂಲು ಪೋಣಿಸುತ್ತ, ತಲೆ ಎತ್ತದೆ, ಮೂವತ್ತೈದು ವರ್ಷ ಬಾಯಿಗೆ ಅಂಟಿದ ಮಾತನ್ನು ಹೇಳಿಬಿಟ್ಟಳು. "ನಾಳೆ ಬಾಮ್ಮ."

ದರ್ಜಿಯ ನಾಳೆ ಎಂದಾದರೂ ಬಂದದ್ದುಂಟೇ? ಲೋಕದಲ್ಲಿ ಅದೊಂದು ಒಪ್ಪಿಕೊಂಡ ಸುಳ್ಳು. ಆದರೆ ಮಾತು ಬಾಯಿಂದ ಬಿದ್ದ ಮೇಲೆ ಅಕ್ಕನ ಮುಖ ಬಿಳಿಚಿತು. ಬಡಗಿ ಟಾರ್ಚು ಹಿಡಿದು ಬಾಗಿಲು ತೆಗೆದ. ಯಾರೂ ಇರಲಿಲ್ಲ. ಕೆಸರಿನಲ್ಲಿ ಬರಿಗಾಲಿನ ಎರಡು ಗುರುತು, ಒಳಗೆ ಸುಣ್ಣದ ಬಿಳಿ ನೀರು. ಬಂದ ಹೆಜ್ಜೆಯೂ ಇಲ್ಲ, ಹೋದ ಹೆಜ್ಜೆಯೂ ಇಲ್ಲ. ರಸ್ತೆ ಕೆಲಸದವರು ಯಾರೋ ಇರಬೇಕು ಎಂದ. ಅವನ ಮಾತು ಅವನಿಗೇ ಹಿಡಿಸಲಿಲ್ಲ.

ಇಬ್ಬರೂ ದೀಪ ಆರಿಸದೆ ಬೆಳಗು ಮಾಡಿದರು.

ಬೆಳಕಾದ ಮೇಲೆ ನೋಡಿದರೆ ರಸಮಟ್ಟದ ಗುಳ್ಳೆ ಒಂದು ತುದಿಗೆ ಹೋಗಿ ಕೂತಿತ್ತು. ಅವನು ಇಳಿದು ಚಕ್ರದ ಕೆಳಗೆ ಕಲ್ಲು ಕೊಟ್ಟ. ಗುಳ್ಳೆ ನಡುವಿಗೆ ಬಂತು, ಅವನು ನೋಡುತ್ತಿದ್ದಂತೆಯೇ ಮೆಲ್ಲಗೆ ಮತ್ತೆ ಸರಿಯಿತು. ಮತ್ತೊಂದು ಕಲ್ಲು ಕೊಟ್ಟ. ಮತ್ತೆ ಸರಿಯಿತು. ಆಗ ಅವನಿಗೆ ಹೊಳೆಯಿತು. ಓರೆಯಾಗುತ್ತಿದ್ದುದು ಗಾಡಿಯಲ್ಲ, ಅದರ ಕೆಳಗಿನ ನೆಲ.

ಗೋಡೆ ಹೊಟ್ಟೆ ಉಬ್ಬಿಸಿ ನಿಂತಿತ್ತು. ಬೆಣೆ ಕಿತ್ತ ತೂತಿನಿಂದ ಕೆಂಪು ನೀರು ಚಿಮ್ಮುತ್ತಿತ್ತು. ಗೋಡೆ ಹೋದರೆ ಮೊದಲು ಈ ವ್ಯಾನು, ಆಮೇಲೆ ಕೆಳಗಿನ ಊರು. ಅವನು ಚಕ್ರದ ಕೆಳಗಿನ ಬೆಣೆ ಎಳೆದು ತಂದು ತೂತಿಗಿಟ್ಟು ಹೊಡೆದ. ಗೋಡೆ ಅದನ್ನು ಹಣ್ಣಿನ ಬೀಜ ಉಗುಳಿದಂತೆ ಉಗುಳಿತು. ಒಳಗೆ ಓಡಿ ನೂಲು ತಂದು, ಮೊದಲಿನಂತೆ ಸುತ್ತಿ ಹೊಡೆದ. ಮತ್ತೆ ಉಗುಳಿತು. ನೂಲಿನ ಒಡತಿ ಹೊರಗೆ ಬಂದಾಗಿತ್ತು. ಅವಳಿಲ್ಲದ ನೂಲು ಗೋಡೆಗೆ ಬೇಕಿರಲಿಲ್ಲ.

ಮಂಜಿನೊಳಗಿಂದ, ಈ ಸಲ ಹತ್ತಿರದಲ್ಲಿ, "ಆಯ್ತಾ?" ಎಂದು ಕೇಳಿತು.

ಅವನು ಓಡಿದ. ವ್ಯಾನಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ಅಕ್ಕ ಮಂಚದ ಮೇಲೆ ಕೂತು, ಮಳೆಗೆ ಕಟ್ಟುವ ಹಳದಿ ಟಾರ್ಪಾಲನ್ನು ಹರಡಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಏನು ಮಾಡ್ತಿದ್ದೀಯ ಎಂದು ಅವನು ಕೂಗಿದ. ಕೋಟು, ಎಂದಳು. ಎಷ್ಟು ವರ್ಷದಿಂದ ಕಾದಿದ್ದಾಳೋ, ನಾಳೆ ಬಾ ಅಂತ ನಾನೇ ಹೇಳಿದ್ದೀನಿ, ಗಿರಾಕಿಯನ್ನು ಎರಡು ಸಲ ತಿರುಗಿಸೋದು ನನ್ನಿಂದ ಆಗಲ್ಲ, ಎಂದಳು. ಸುತ್ತಿಗೆ, ಬೆಣೆಗಳ ಜೊತೆ ಅವನ ಕೈಯಲ್ಲೇ ಉಳಿದಿದ್ದ ನೂಲನ್ನು ತೆಗೆದುಕೊಂಡು, ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಅದನ್ನೇ ಸೂಜಿಗೆ ಪೋಣಿಸಿದಳು. ಉಳಿದ ಬಟ್ಟೆಯ ಚೂರನ್ನೂ ಗಿರಾಕಿಗೇ ವಾಪಸ್ಸು ಕೊಡುವ ದರ್ಜಿ ಅವಳು. ಅವಳದು ಅವಳಿಗೇ ಸೇರಲಿ ಎಂದಳು.

ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಲಿದಳು. ಸೂಜಿ ಟಾರ್ಪಾಲಿಗೆ ಚುಚ್ಚುವ ಸದ್ದು, ಹೊರಗೆ ಗೋಡೆಯ ಕಲ್ಲು ಕಲ್ಲಿಗೆ ಉಜ್ಜುವ ಸದ್ದು. ಆಗಾಗ, ಕಿಟಕಿಯ ಪಕ್ಕದಲ್ಲೇ, "ಆಯ್ತಾ?" ಬಡಗಿ ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದ. ನಲವತ್ತು ದಾಟಿದ ಗಂಡಸು ಆರು ವರ್ಷದವನಾಗಿದ್ದ. ಅವನಿಗೆ ಅದರಲ್ಲಿ ನಾಚಿಕೆಯೂ ಆಗಲಿಲ್ಲ.

ಕೊನೆಯ ಗುಂಡಿ ಹಾಕಿ ಅಕ್ಕ ನೂಲನ್ನು ಹಲ್ಲಿನಲ್ಲಿ ಕಡಿದಳು. "ಆಯ್ತಮ್ಮ. ತಗೋ," ಎಂದು ಬಾಗಿಲು ಸರಿಸಿದಳು.

ಸುಣ್ಣದ ವಾಸನೆ ಒಳಗೆ ನುಗ್ಗಿತು. ಒಂದು ಕೈ ಬಂತು. ಬೂದು ಬಣ್ಣದ್ದು. ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ. ಕೋಟು ಹೋಯಿತು. ಮಳೆಯಲ್ಲಿ ಟಾರ್ಪಾಲು ಸರಬರ ಎಂದಿತು. ಬಲತೋಳು. ಎಡತೋಳು. ಬಹಳ ಹೊತ್ತಿನ ಮೇಲೆ ಆ ದನಿ, "ತೋಳು ಸರಿಯಾಗಿದೆ," ಎಂದಿತು. ಅಷ್ಟು ಸಂತೋಷವನ್ನು ಬಡಗಿ ಬದುಕಿದವರ ದನಿಯಲ್ಲೂ ಕೇಳಿರಲಿಲ್ಲ. ಮಂಜಿನಲ್ಲಿ ಹಳದಿ ಬಣ್ಣ ರಸ್ತೆಯಗುಂಟ ದೂರವಾಗುತ್ತ ಹೋಗಿ ಕಾಣದಾಯಿತು.

ಗೋಡೆ ನರಳಿತು.

ಮೇಲಿನ ಸಾಲಿನ ಒಂದು ಕಲ್ಲು ಕಳಚಿ ವ್ಯಾನಿನ ಮೂತಿಗೆ ಬಿತ್ತು. ಮುಂದಿನ ಗಾಜು ಪುಡಿಯಾಯಿತು. ಇನ್ನೊಂದು ಬಿತ್ತು. ಕೆಳಗಿನ ಊರಿನಲ್ಲಿ ಯಾವುದೋ ಶಾಲೆಯ ಗಂಟೆ ಹೊಡೆಯುವುದು ತೆಳ್ಳಗೆ ಕೇಳಿಸಿತು. ಬಡಗಿ ಎದ್ದು ನಿಂತ. ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. ತಾನು ಕಿತ್ತದ್ದು, ತಾನೇ ತುಂಬಬೇಕು.

"ನನ್ನ ಅಳತೆ ತಗೋ, ಅಕ್ಕ."

ಅವಳು ಬೇಡ ಎನ್ನಲಿಲ್ಲ. ಅತ್ತು ಕರೆದು ಮಾಡುತ್ತಾಳೆ ಎಂದುಕೊಂಡಿದ್ದ, ಅದನ್ನೂ ಮಾಡಲಿಲ್ಲ. ಕಾಜಾ ಹಾಕುವ ದಪ್ಪ ನೂಲಿನ ಉಂಡೆ ತೆಗೆದಳು. ನೆಟ್ಟಗೆ ನಿಂತ್ಕೋ, ಉಸಿರು ಬಿಗಿ ಹಿಡೀಬೇಡ ಎಂದಳು. ಹಬೆ ಹಿಡಿದ ಪಕ್ಕದ ಕಿಟಕಿಯ ಕಡೆ ಮುಖ ಮಾಡಿ ಅವನು ನಿಂತ. ಅವಳ ತಣ್ಣನೆಯ ಬೆರಳು ಕುತ್ತಿಗೆ ಸುತ್ತ ಬಂತು, ಭುಜದ ಮೇಲೆ ಹಾಯಿತು, ತೋಳಿನ ಮೇಲೆ ಇಳಿಯಿತು. ಅವನಿಗೆ ಅಳು ಬಂತು. ಅವಳು ಬೆನ್ನ ಹಿಂದೆಯೇ ನಿಂತು ಬೆಣೆಗೆ ನೂಲು ಸುತ್ತಿದಳು.

"ಇಷ್ಟೊಂದು ಬೇಗ ಆಯ್ತಾ?" ಎಂದ.

"ನಿನ್ನ ಅಳತೆ ನಂಗೆ ಬಾಯಿಪಾಠ ಅಲ್ವೇನೋ. ಹೋಗು. ಒಂದೇ ಸಮನೆ ಹೊಡಿ, ಮಧ್ಯೆ ನಿಲ್ಲಿಸ್ಬೇಡ."

ಅವನು ಇಳಿದ. ತೂತಿಗೆ ಬೆಣೆ ಇಟ್ಟ. ಕಣ್ಣು ಮುಚ್ಚಿದ. ಹೊಡೆದ.

ಬೆಣೆ ಒಂದು ಬೆರಳು ಒಳಗೆ ಹೋಯಿತು. ಗೋಡೆ ಉಗುಳಲಿಲ್ಲ. ಹಿಂದೆ ವ್ಯಾನಿನಲ್ಲಿ ಅಕ್ಕ ಕೆಮ್ಮಿದಳು. ಚಳಿ ಇರಬೇಕು. ಹೊಡೆದ. ಇನ್ನೊಂದು ಬೆರಳು. ಅಕ್ಕ ಕೆಮ್ಮಿದಳು. ತನಗೆ ಏನೂ ಆಗುತ್ತಿಲ್ಲ. ಕೊನೆಯ ಏಟಿಗೆ ಆಗಬಹುದು. ಬೇಗ ಮುಗಿದರೆ ಸಾಕು. ಒಡೆದ ಗಾಜಿನಿಂದ ನುಗ್ಗುವ ಮಳೆಗೆ ಅಕ್ಕ ಪೂರ್ತಿ ನೆನೆದು ನಡುಗುವ ಮೊದಲು ಮುಗಿಯಬೇಕು. ಹೊಡೆದ. ಕೆಮ್ಮು. ಹೊಡೆದ. ಕೆಮ್ಮು ಬರಲಿಲ್ಲ, ಉಸಿರು ಎಳೆದುಕೊಂಡ ಸದ್ದು ಬಂತು. ಇನ್ನೊಂದೇ. ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿದ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದ. ಬೆಣೆ ಕಲ್ಲಿನ ಮಟ್ಟಕ್ಕೆ ಕೂತಿತು.

ಗೋಡೆಯ ಉಜ್ಜಾಟ ನಿಂತಿತು. ತೂತಿನ ನೀರು ಸಣ್ಣಗಾಯಿತು, ತೊಟ್ಟಿಕ್ಕಿತು, ನಿಂತಿತು. ಬೆಟ್ಟ ಸುಮ್ಮನಾಯಿತು.

ಬಡಗಿ ಕಣ್ಣು ಬಿಟ್ಟ. ಕೈ ನೋಡಿಕೊಂಡ, ಎದೆ ಮುಟ್ಟಿಕೊಂಡ. ಬದುಕಿದ್ದ. ಹುಚ್ಚನ ಹಾಗೆ ನಕ್ಕ. ಎಲ್ಲ ಸುಳ್ಳು, ಗೇಟಿನವಳ ಕತೆಯೂ ಸುಳ್ಳು, ಸಾವೂ ಸುಳ್ಳು. ಆಮೇಲೆ ಬೆಣೆಯ ಪಕ್ಕ ಹೊರಗೆ ಉಳಿದಿದ್ದ ನೂಲಿನ ಬಾಲ ಕಣ್ಣಿಗೆ ಬಿತ್ತು. ಅದರಲ್ಲಿ ಎರಡು ಗಂಟು. ಭುಜದಿಂದ ಮಣಿಕಟ್ಟಿನ ತನಕದ ತೋಳಿನ ಅಳತೆ. ಕೈ ಚಾಚಿ ತನ್ನ ತೋಳಿಗೆ ಹಿಡಿದು ನೋಡಿದ. ನೂಲು ಮಣಿಕಟ್ಟಿಗೆ ಮುಟ್ಟಲಿಲ್ಲ. ನಾಲ್ಕು ಬೆರಳು ಮೊದಲೇ ಮುಗಿಯಿತು.

ಅಷ್ಟು ಗಿಡ್ಡ ತೋಳು ಯಾರದು ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಆ ತೋಳಿನ ಮೇಲೆ ತಲೆಯಿಟ್ಟು ಮಲಗಿಯೇ ಅವನು ದೊಡ್ಡವನಾಗಿದ್ದ.

ಓಡಿದ. ಬಾಗಿಲು ತೆರೆದೇ ಇತ್ತು. ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು, ಸದ್ದು ತಮ್ಮನಿಗೆ ಕೇಳದಿರಲಿ ಎಂದು. ತುಟಿಯ ಮೇಲೆ ಸುಣ್ಣದ ತೆಳು ಪುಡಿ. ಕೈ ಆಗಲೇ ಕಲ್ಲಿನಷ್ಟು ತಣ್ಣಗಿತ್ತು. ಕರೆದ. ಭುಜ ಹಿಡಿದು ಅಲ್ಲಾಡಿಸಿದ. ಎದೆಗೆ ಕಿವಿಯಿಟ್ಟ. ಏನೂ ಇರಲಿಲ್ಲ.

ಸುತ್ತಿಗೆ ತೆಗೆದುಕೊಂಡು ಮತ್ತೆ ಗೋಡೆಗೆ ಹೋದ. ಬೆಟ್ಟ ಬೀಳಲಿ. ಊರು ಹೋಗಲಿ. ಅವನಿಗೆ ಬೇಕಾದದ್ದು ಒಬ್ಬಳು. ಸುತ್ತಿಗೆಯ ಕೊಕ್ಕೆಯನ್ನು ಬೆಣೆಯ ಅಂಚಿಗೆ ಸಿಕ್ಕಿಸಿ, ಕಾಲು ಗೋಡೆಗೆ ಒದ್ದು ಹಿಡಿದು, ಎಳೆಯಲು ಮೈ ಹಿಂದಕ್ಕೆ ಹಾಕಿದ.

"ಬೇಡ್ವೋ," ಎಂದಿತು ಗೋಡೆ.

ಕಲ್ಲಿನ ತೀರ ಒಳಗಿನಿಂದ ಬಂದ ದನಿ. ದಣಿದ ದನಿ. ಬೈಯುವಾಗಲೂ ಬೈಗುಳವಾಗದ ದನಿ.

"ಆಗ್ಲಿಂದ ನೆನೀತಾ ನಿಂತಿದ್ದೀಯ. ಜ್ವರ ಬರುತ್ತೆ. ಒಳಗೆ ಹೋಗಿ ತಲೆ ಒರೆಸ್ಕೋ, ಹೋಗು."

ಅವನ ಕೈಯಿಂದ ಸುತ್ತಿಗೆ ಜಾರಿತು. ಕಲ್ಲಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದ. ಮಳೆ ಬೀಳುತ್ತಲೇ ಇತ್ತು. ಗೋಡೆ ಇನ್ನೊಂದು ಸಲ, ಸ್ವಲ್ಪ ಗದರಿಸಿ, ಹೋಗು ಎಂದಿತು.

ಅವನು ಒಳಗೆ ಹೋದ. ಟವೆಲ್ ತೆಗೆದುಕೊಂಡು, ಅಕ್ಕನ ಎದುರಿಗೆ ಕೂತು, ತಲೆ ಒರೆಸಿಕೊಂಡ.